ಅಳತೆ ತೆಗೆಯದ ಅಂಗಿ

ನಮ್ಮ ಬೀದಿಯಲ್ಲಿ ಯಾವ ಇಬ್ಬರು ಸ್ನೇಹಿತರು ಕಿತ್ತಾಡಿಕೊಂಡರೂ ಹಿರಿಯರು ತಕ್ಷಣ ನಮ್ಮ ಅಂಗಡಿಯ ಕಡೆ ಕೈ ತೋರಿಸುತ್ತಾರೆ. “ಸ್ನೇಹ ಅಂದ್ರೆ ಅವರದ್ದು ಕಣ್ರೋ, ನೋಡಿ ಕಲೀರಿ!” ನೋಡಿ ಕಲಿಯಲು ಬರುವವರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಮುಂಬಾಗಿಲಲ್ಲಿ ನಿಂತು ನೋಡಬೇಡಿ, ಹಿಂಬಾಗಿಲಿಗೆ ಬನ್ನಿ. ಅಲ್ಲಿ ತೊಡೆಯ ಮೇಲೆ ಅಂಗಿ ಹಾಸಿಕೊಂಡು, ಕೈಯಲ್ಲಿ ಬ್ಲೇಡು ಹಿಡಿದು ಕೂತವಳು ನಾನು. ಆ ಸ್ನೇಹ ಇಷ್ಟು ಕಾಲ ಹರಿಯದೆ ಉಳಿದದ್ದು ಯಾರ ಕೈಯಿಂದ ಅಂತ ಆಗ ಗೊತ್ತಾಗುತ್ತದೆ.

ದರ್ಜಿ ನನ್ನ ಮಾವ, ಅಂದರೆ ಗಂಡನ ತಂದೆ. ಪಕ್ಕದ ಸಲೂನಿನವರು ಅವರ ಸ್ನೇಹಿತರು. ಅವರನ್ನು ನಾನು ಸಲೂನ್ ಮಾವ ಅನ್ನುತ್ತೇನೆ. ಇಬ್ಬರ ಕೈಯಲ್ಲೂ ಕತ್ತರಿ ಇರುವುದರಿಂದ ಬೀದಿಯವರು ಇಟ್ಟ ಹೆಸರು ‘ಜೋಡಿ ಕತ್ತರಿ’. ಇವರ ಅಪ್ಪಂದಿರೂ ಸ್ನೇಹಿತರೇ. ಬೇರೆ ಬೇರೆ ಅಂಗಡಿ ಹಿಡಿಯುವ ತಾಕತ್ತು ಇಬ್ಬರಿಗೂ ಇರಲಿಲ್ಲವಾದ್ದರಿಂದ ಒಂದೇ ಕೋಣೆ ಹಿಡಿದು ನಡುವೆ ಹಲಗೆ ಹೊಡೆದರು. ಆ ಹಲಗೆ ಸೂರಿನ ತನಕ ಹೋಗಲಿಲ್ಲ, ಮೇಲೆ ಒಂದು ಮೊಳ ಬಯಲು ಉಳಿಯಿತು. ಹಲಗೆ ಸಾಲದೆ ಹೋಯಿತೋ ಅಥವಾ ಹರಟೆಗೆ ದಾರಿ ಇರಲಿ ಎಂದು ಬಿಟ್ಟರೋ, ಸತ್ತವರನ್ನು ಈಗ ಕೇಳುವಂತಿಲ್ಲ. ಅಂತೂ ಮಕ್ಕಳಿಗೆ ಅಪ್ಪಂದಿರಿಂದ ಬಂದ ಆಸ್ತಿ ಎಂದರೆ ಆ ಸಂದಿ. ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಅದರ ಮೂಲಕ ಮಾತು ಹಾರಾಡುತ್ತದೆ. ಜೊತೆಗೆ ಅಲ್ಲಿಂದ ಕೂದಲು ಇಲ್ಲಿಗೆ, ಇಲ್ಲಿಂದ ದಾರದ ತುಂಡು ಅಲ್ಲಿಗೆ. ಹೊಸ ಅಂಗಿ ತೊಟ್ಟ ಗಿರಾಕಿ ಕತ್ತು ಕೆರೆದುಕೊಂಡರೆ ಮಾವ ಗಂಭೀರವಾಗಿ ಹೇಳುತ್ತಾರೆ, “ಹೊಸ ಬಟ್ಟೆ, ಒಂದೆರಡು ದಿನ ಹಾಗೇ.”

ಮಾವನ ಕಸುಬಿನ ಬಗ್ಗೆ ಮಾತ್ರ ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಅವರಂಥ ಕೈ ಈ ಸುತ್ತಿನಲ್ಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಕೂತಲ್ಲಿಂದಲೇ ನೋಡಿ “ಇವನ ಎಡ ಭುಜ ತಗ್ಗಿದೆ, ಚೀಲ ಆ ಕಡೆಗೇ ಹಾಕ್ತಾನೆ” ಅನ್ನುತ್ತಾರೆ. ಆದರೂ ಗಿರಾಕಿಯನ್ನು ನಿಲ್ಲಿಸಿ ಒಂದಲ್ಲ ಎರಡಲ್ಲ, ಮೂರು ಸಲ ಟೇಪು ಹಿಡಿಯುತ್ತಾರೆ, ಹಿಡಿಯುವಾಗ ಬಯ್ಯುತ್ತಾರೆ. “ಉಸಿರು ಬಿಡಿ ಸ್ವಾಮಿ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಅಂಗಿಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?” ಬಟ್ಟೆಯ ವಿಷಯದಲ್ಲಿ ಮಹಾ ಜಿಪುಣ. ಅವರು ಕತ್ತರಿಸಿದ ಅಂಗಿಯ ಒಳಗೆ, ಹೊಲಿಗೆಯ ಆಚೆ, ಉಗುರಿನಷ್ಟು ಬಟ್ಟೆ ಉಳಿದರೆ ಹೆಚ್ಚು. ಸ್ವಲ್ಪ ಬಿಡಿ, ಮುಂದೆ ಬೇಕಾದರೆ ಸಡಿಲ ಮಾಡಬಹುದು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ: “ದಪ್ಪ ಆದ್ರೆ ಹೊಸದು ಹೊಲಿಸಿ. ಅಂಗಿಗೆ ಯಾಕೆ ಶಿಕ್ಷೆ?”

ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯ ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಟೇಪು ಹಿಡಿದವರಲ್ಲ. ಯಾರಿಗೆ ಅಂತ ಬೇರೆ ಹೇಳಬೇಕಾ?

ಮೊದಲ ಅಂಗಿಗೆ ಮಾತ್ರ ಒಮ್ಮೆ ಹಿಡಿದಿದ್ದರಂತೆ, ಇಬ್ಬರಿಗೂ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ. ಮಾವನ ಅಪ್ಪ ಮಗನಿಗೆ “ಇನ್ನು ನೀನೇ ಕತ್ತರಿಸು” ಎಂದು ಅಪ್ಪಣೆ ಕೊಟ್ಟರು. ಹೊಸಬನ ಕತ್ತರಿಗೆ ಒಳ್ಳೆಯ ಬಟ್ಟೆ ಕೊಡುವ ಹುಚ್ಚ ಯಾರು? ಪಕ್ಕದ ಸಲೂನಿನ ಮಗ ಕೊಟ್ಟ. ಅದಕ್ಕೆ ಪ್ರತಿಯಾಗಿ ತನ್ನ ಮೊದಲ ಕ್ಷೌರವನ್ನು ಮಾವನ ತಲೆಯ ಮೇಲೆ ಪ್ರಯೋಗಿಸಿದ. ಅಂಗಿ ಹೇಗೋ ಕೂತಿತು, ಕ್ಷೌರವೂ ಹೇಗೋ ಕೂತಿತು, ಇಬ್ಬರೂ ಸೇರಿ ತಾವು ದೊಡ್ಡ ಕಲಾವಿದರು ಎಂದು ತೀರ್ಮಾನಿಸಿದರು. ಅವತ್ತೇ ಮಾತಾಯಿತಂತೆ. “ಟೇಪು ಬೇರೆಯವರಿಗೆ ಕಣೋ. ನಿನ್ನ ಅಳತೆ ನನ್ನ ಕೈಯಲ್ಲೇ ಇದೆ.” ಅಪ್ಪಂದಿರು ಕೋಣೆ ಹಿಡಿದ ದಿನ ಯಾವುದೋ, ಆ ದಿನಕ್ಕೆ ಪ್ರತಿ ವರ್ಷ ಒಂದು ಅಂಗಿ, ಅದೇ ಅಳತೆಯದು. ಅದೇ ದಿನ, ಮತ್ತೆ ತಿಂಗಳಿಗೊಮ್ಮೆ, ಮಾವನಿಗೆ ಅದೇ ಕ್ಷೌರ. ಬದಿಯಲ್ಲಿ ಬೈತಲೆ, ಮುಂದೆ ಎತ್ತಿ ಬಾಚಿದ ಒಂದು ಗುಂಗುರು. ಮಾವನ ಮುಂದಲೆ ಈಗ ತಟ್ಟೆಯ ಹಾಗೆ ನುಣ್ಣಗಿದೆ. ಆದರೆ ಸಲೂನ್ ಮಾವ ಬಿಡುವವರಲ್ಲ. ಕೂದಲಿಲ್ಲದ ಜಾಗದಲ್ಲಿ ಗಾಳಿಯನ್ನೇ ಎತ್ತಿ ಬಾಚಿ, ಹಿಂದೆ ಸರಿದು, ತಲೆ ವಾಲಿಸಿ ನೋಡಿ, “ಈಗ ಸರಿಯಾಯ್ತು” ಅನ್ನುತ್ತಾರೆ.

ಒಬ್ಬ ಮನುಷ್ಯ ಮೀಸೆ ಮೂಡುವಾಗ ಇದ್ದ ಗಾತ್ರದಲ್ಲೇ ಇರುತ್ತಾನೆಯೇ? ಸಲೂನ್ ಮಾವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಹೊಟ್ಟೆ ಮುಂದೆ ಬಂತು. ಒಂದು ವರ್ಷ ಹೊಸ ಅಂಗಿ ತೊಟ್ಟು ಒಬ್ಬ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚಿ ಬಗ್ಗಿದ್ದಾರೆ, ಎದೆಯ ಗುಂಡಿ ಹಾರಿ ಆ ನೊರೆಯ ಕೆನ್ನೆಗೆ ಅಂಟಿಕೊಂಡಿದೆ. ಅವರು ಹಲಗೆಯ ಮೇಲಿಂದ ಕೂಗಿ ಹೇಳಿದರು.

“ಅಂಗಿ ಬಿಗಿ ಆಗಿದೆ ಕಣೋ.”

“ಅಂಗಿ ಸರಿಯಾಗೇ ಇದೆ. ನೀನು ದಪ್ಪ ಆಗಿದ್ದೀಯ.”

“ನಾನ್ಯಾಕೆ ದಪ್ಪ ಆಗ್ಲಿ? ನಿನ್ನ ಕತ್ತರಿ ಜಾರಿರ್ಬೇಕು ನೋಡ್ಕೋ.”

ಕತ್ತರಿಯ ಮೇಲೆ ಮಾತು ಬಂತಲ್ಲ, ಮುಗಿಯಿತು ಕಥೆ. ಮಾವ ಎದ್ದು ಹಲಗೆಯ ಮೇಲಿನ ಸಂದಿಗೆ ಹಳೆಯ ಗೋಣಿಚೀಲ ತುರುಕಿದರು. ಆ ಚಳಿಗಾಲವಿಡೀ ಇಬ್ಬರೂ ಮಾತು ಬಿಟ್ಟರು. ಮಾವನ ಸೂಜಿ ಮುರಿಯತೊಡಗಿತು, ಸಲೂನ್ ಮಾವ ಒಬ್ಬರ ಮೀಸೆಯ ಅರ್ಧ ತೆಗೆದುಬಿಟ್ಟರು. ಕಡೆಗೆ ನಮ್ಮ ಅತ್ತೆ, ಬಾಯಿ ಸತ್ತವರು ಎಂದು ಎಲ್ಲರೂ ಅಂದುಕೊಂಡಿದ್ದವರು, ಸಲೂನ್ ಮಾವನನ್ನು ಹಿಂಬಾಗಿಲಿಗೆ ಕರೆದು ಆ ಅಂಗಿ ಬಿಚ್ಚಿಸಿಕೊಂಡರು. ಪಕ್ಕದ ಹೊಲಿಗೆ ಬಿಚ್ಚಿ, ಸಡಿಲ ಮಾಡಿ, ಮತ್ತೆ ಹೊಲಿದು ಕೊಟ್ಟರು. ಮಾರನೆಯ ದಿನ ಅವರು ಅದನ್ನು ತೊಟ್ಟು ಮುಂಬಾಗಿಲಿನಿಂದ ಬಂದು ನಿಂತರು. “ನೋಡೋ, ಸರಿಯಾಗೇ ಇದೆ. ಅವತ್ತು ಊಟ ಸ್ವಲ್ಪ ಜಾಸ್ತಿ ಆಗಿತ್ತು.” ಮಾವ ಎದೆ ಉಬ್ಬಿಸಿ, “ನಾನು ಹೇಳ್ಲಿಲ್ವಾ?” ಅಂದರು. ಗೋಣಿಚೀಲ ಕೆಳಗಿಳಿಯಿತು. ಬೀದಿಯವರು ಕಣ್ಣೊರೆಸಿಕೊಂಡರು. ಅತ್ತೆ ಬ್ಲೇಡು ಒರೆಸಿ ಎತ್ತಿಟ್ಟರು, ಮುಂದಿನ ವರ್ಷಕ್ಕೆ ಬೇಕಲ್ಲ.

ನಾನು ಈ ಮನೆಗೆ ಬಂದ ಹೊಸತು. ಬೇರೆ ಅತ್ತೆಯರು ಸೊಸೆಯ ಕೈಗೆ ಬೀಗದ ಕೈ ಕೊಡುತ್ತಾರಂತೆ. ನನ್ನ ಅತ್ತೆ ಕೊಟ್ಟದ್ದು ಆ ಬ್ಲೇಡು. ನನಗೆ ಹೊಲಿಗೆ ಬರುತ್ತಿತ್ತು, ಅದಕ್ಕೇ ನನ್ನನ್ನು ಆರಿಸಿದ್ದು ಅಂತ ಅನುಮಾನ. “ಅಡುಗೆ ಸೀದ್ರೂ ಪರವಾಗಿಲ್ಲಮ್ಮಾ, ಇದೊಂದು ಮರೀಬೇಡ. ಸಲೂನಿನವರ ಅಂಗಿ ಹಿಂಬಾಗಿಲಿಂದ ಬರುತ್ತೆ, ಹಿಂಬಾಗಿಲಿಂದ ಹೋಗ್ಬೇಕು. ನಿಮ್ಮ ಮಾವನ ಕಣ್ಣಿಗೆ ಬೀಳಬಾರದು.” ನನ್ನ ಗಂಡನಿಗೆ ಕತ್ತರಿ ಕಂಡರೇ ಆಗುವುದಿಲ್ಲ, ಬಸ್ಸು ಓಡಿಸುತ್ತಾರೆ. ಈ ವ್ಯವಹಾರದಲ್ಲಿ ಅವರ ನಿಲುವು ಮೊದಲಿನಿಂದ ಒಂದೇ: “ನನ್ನನ್ನ ಎಳೀಬೇಡ ಮಾರಾಯ್ತಿ.”

ಹೀಗೆ ಅತ್ತೆಯ ನಂತರ ನಾನು. ವರ್ಷಾ ವರ್ಷಾ ಬಿಚ್ಚಿದೆ, ವರ್ಷಾ ವರ್ಷಾ ಹೊಲಿದೆ. ಸಲೂನ್ ಮಾವ ಸರಿಪಡಿಸಿದ ಅಂಗಿ ತೊಟ್ಟು ಮುಂದೆ ನಿಂತಾಗ ಮಾವ ಅವರನ್ನು ಬುಗುರಿಯ ಹಾಗೆ ತಿರುಗಿಸಿ, ಬೆನ್ನು ತಟ್ಟಿ, ಕಾಯುತ್ತಿದ್ದ ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದರು. “ನೋಡಿ, ಇದು ಮೈ ಅಂದ್ರೆ! ಅವತ್ತಿನ ಅಳತೆ, ಇವತ್ತಿಗೂ ಒಂದು ಗೆರೆ ಹೆಚ್ಚಿಲ್ಲ. ನೀವೂ ಇದೀರಿ, ತಿಂಗಳಿಗೊಂದು ಸೈಜು!” ಬಾಗಿಲ ಹಿಂದೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ನನಗಿದ್ದ ಸಮಾಧಾನ ಒಂದೇ. ಆ ಅಂಗಿಯ ಒಳಗೆ, ಪಕ್ಕದ ಹೊಲಿಗೆಯ ಆಚೆ, ಎರಡು ಬೆರಳು ಬಟ್ಟೆ ಇರುತ್ತಿತ್ತು. ಇರದಿದ್ದರೆ ನಾನು ಎಲ್ಲಿಂದ ತಂದು ಸಡಿಲ ಮಾಡಲಿ? ಉಗುರಿನಷ್ಟೂ ಬಿಡದ ಮನುಷ್ಯ ಇಲ್ಲಿ ಮಾತ್ರ ಯಾಕೆ ಹೀಗೆ ಎಂದು ಅತ್ತೆಯನ್ನು ಒಮ್ಮೆ ಕೇಳಿದ್ದೆ. “ಆ ಅಂಗಿ ಕತ್ತರಿಸುವಾಗ ಅವರ ಬಾಯಿ ಸುಮ್ನಿರಲ್ಲಮ್ಮಾ, ಹರಟೆ ಹೊಡೀತಾ ಕೈ ಆಚೆ ಹೋಗುತ್ತೆ” ಅಂದಿದ್ದರು. ನನಗೂ ಹಾಗೇ ಅನ್ನಿಸಿತು. ಹರಟೆಯಿಂದ ಆದ ಒಂದೇ ಉಪಕಾರ ಅಂದುಕೊಂಡೆ.

ಹಲಗೆಯ ಆಚೆ ಕಡೆಯ ಕಥೆಯೂ ಬೇರೆಯಲ್ಲ. ಸಲೂನ್ ಮಾವನ ಮಗಳು ಅಪ್ಪನ ಜೊತೆ ಸಲೂನು ನಡೆಸುತ್ತಾಳೆ. ನನ್ನನ್ನು ಅತ್ತಿಗೆ ಅನ್ನುತ್ತಾಳೆ. ಅವಳ ಅಪ್ಪ ಗಾಳಿ ಬಾಚಿ ಕಳಿಸಿದ ಮೇಲೆ ನಮ್ಮ ಮಾವ ಊಟದ ಹೊತ್ತಿಗೆ ಸದ್ದಿಲ್ಲದೆ ಅವಳ ಹಿಂಬಾಗಿಲಿಗೆ ಹೋಗುತ್ತಾರೆ. “ಕತ್ತಿನ ಹಿಂದೆ ಏನೋ ಕಡೀತಿದೆ, ಸ್ವಲ್ಪ ನೋಡಮ್ಮಾ.” ಅವಳು ಒಂದು ಕಿವಿಯ ಮೇಲೆ ಹೆಚ್ಚಾಗಿ ಇನ್ನೊಂದರ ಮೇಲೆ ಕಡಿಮೆಯಾಗಿ ಉಳಿದದ್ದನ್ನು ಸರಿ ಮಾಡಿ ಕಳಿಸುತ್ತಾಳೆ. ಹೀಗೆ ಇಬ್ಬರು ಮುದುಕರ ಮುಂಬಾಗಿಲ ಸ್ನೇಹ ಕಾಯುತ್ತಾ ಕಾಯುತ್ತಾ ನಾವಿಬ್ಬರು ಹಿಂಬಾಗಿಲಲ್ಲಿ ಸ್ನೇಹಿತೆಯರಾದೆವು. ನಮ್ಮಲ್ಲಿ ನಾಟಕವಿಲ್ಲ. ನಾನು ಹೊಲಿದದ್ದು ಬಿಗಿಯಾದರೆ ಅವಳು ಅಲ್ಲೇ ಮುಖದ ಮೇಲೆ ಎಸೆಯುತ್ತಾಳೆ. “ಇದೇನು ಅತ್ತಿಗೆ, ನನ್ನನ್ನ ಉಸಿರು ಕಟ್ಟಿಸಿ ಕೊಲ್ತೀರಾ?” ನಾನೂ ಅವಳ ಕತ್ತರಿಗೆ ಬಾಯಿಗೆ ಬಂದದ್ದು ಅನ್ನುತ್ತೇನೆ. ಆಮೇಲೆ ಚಹಾ ಕುಡಿಯುತ್ತೇವೆ.

ಹೋದ ವರ್ಷದ ಕೊನೆಗೆ ಸಲೂನ್ ಮಾವ ಒಂದು ಮಧ್ಯಾಹ್ನ ನನ್ನ ಹಿಂಬಾಗಿಲಿಗೆ ಹಳೆಯ ಅಂಗಿಗಳ ಒಂದು ಹೊರೆ ಹೊತ್ತು ಬಂದರು.

“ಇವನ್ನೆಲ್ಲ ಸ್ವಲ್ಪ ಒಳಗೆ ಹಿಡಿ ಮಗಳೇ.”

“ಅಯ್ಯೋ, ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆದ ಮೇಲೆ ನೀವು ತೆಳ್ಳಗಾಗೋಕೆ ಹೊರಟ್ರಾ? ಯಾರ ಕಣ್ಣಿಗೆ ಚೆಂದ ಕಾಣ್ಬೇಕು ಈ ವಯಸ್ಸಲ್ಲಿ?”

ಯಾವಾಗಲೂ ಒಂದಕ್ಕೆರಡು ಮಾತಾಡುವವರು ಹೊರೆ ಇಳಿಸಿ ಹೊಸ್ತಿಲ ಮೇಲೆ ಕೂತರು. ಆಗ ನೋಡಿದೆ. ಅಂಗಿಯ ಕಾಲರಿನೊಳಗೆ ಕತ್ತು ಒಂಟಿಯಾಗಿ ನಿಂತಿತ್ತು. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹಬ್ಬಿದೆ, ಡಾಕ್ಟರು ಕೈ ಚೆಲ್ಲಿದ್ದಾರೆ ಎಂದರು, ಹವಾಮಾನದ ಸುದ್ದಿ ಹೇಳುವ ಹಾಗೆ.

“ಅವನಿಗೆ ಮಾತ್ರ ಹೇಳ್ಬೇಡ,” ಅಂದರು. “ತಡ್ಕೊಳ್ಳಲ್ಲ ಅವನು. ನಿಮ್ಮ ಅತ್ತೆ ಹೋದಾಗ ನೋಡಿದ್ದೀಯಲ್ಲ.”

ನೋಡಿದ್ದೆ. ಅತ್ತೆ ತೀರಿಕೊಂಡ ಮೇಲೆ ಮಾವ ಬೆಳಗ್ಗೆಯಿಂದ ಸಂಜೆವರೆಗೆ ಮಷೀನಿನ ಮುಂದೆ ಕೂತು ದಾರವಿಲ್ಲದ ಸೂಜಿ ಓಡಿಸುತ್ತಿದ್ದರು. ಬಟ್ಟೆಯ ತುಂಬ ಬರೀ ತೂತು. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ, ಮಾತಾಡಿಸಿದರೆ ನೋಡುತ್ತಿರಲಿಲ್ಲ. ಹುಚ್ಚು ಹಿಡಿಯಿತೇನೋ ಎಂದು ನಾವು ಹೆದರಿದ್ದೆವು. ಕಡೆಗೆ ಸಲೂನ್ ಮಾವ ತಮ್ಮ ಕೆಲಸ ಬಿಟ್ಟು ಬಂದು ಪಕ್ಕ ಕೂತು, ಆ ಸೂಜಿಗೆ ದಾರ ಪೋಣಿಸಿ, “ಬರೀ ಕಾಲು ಆಡಿಸ್ಬೇಡ್ವೋ, ಹೊಲಿ” ಎಂದು ಗದರಿದರು. ಅವತ್ತು ಮಾವ ಹೊಲಿದರು. ಈಗ ಆ ದಾರ ಪೋಣಿಸಿದವರೇ ಹೋದರೆ ಸೂಜಿಗೆ ದಾರ ಪೋಣಿಸುವವರು ಯಾರು? ಅದಕ್ಕೇ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹಾಕಿಕೊಂಡು ಒಳಗೊಳಗೇ ಕುದಿದೆ.

ಸಲೂನಿನವಳ ಮುಂದೆ ಮಾತ್ರ ಕಾರಿಕೊಂಡೆ. “ಅಂಗಿ ಬಿಗಿ ಅಂತ ಹೇಳೋಕೆ ಧೈರ್ಯ ಇಲ್ಲದವರು, ಸಾಯ್ತಾ ಇದೀನಿ ಅಂತ ಹೇಳ್ತಾರಾ? ಇದು ಯಾವ ಸೀಮೆ ಸ್ನೇಹ? ಒಂದು ದಿನ ನಮ್ಮ ಮಾವ ಬಾಗಿಲು ತೆಗೆಯೋ ಹೊತ್ತಿಗೆ ಪಕ್ಕದಲ್ಲಿ ಇವರೇ ಇರಲ್ಲ. ಆಗ ನಮ್ಮ ಮಾವನ ಗತಿ?”

“ಅಪ್ಪನ ಮಾತು ಅತ್ತಿಗೆ,” ಅವಳು ಮೂಗು ಒರೆಸಿಕೊಂಡಳು. “ನಾನು ಮೀರಲಾರೆ. ನೀವೂ ಹೇಳ್ಬೇಡಿ.”

ಆಮೇಲೆ ನಡೆದದ್ದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ತೆಳ್ಳಗಾದದ್ದು ಸ್ನೇಹಿತನಿಗೆ ಗೊತ್ತಾಗಬಾರದೆಂದು ಸಲೂನ್ ಮಾವ ನನ್ನ ಕೈಯಲ್ಲಿ ಅಂಗಿಯೊಳಗೆ ಹತ್ತಿ ಹೊಲಿಸಿಕೊಂಡರು! ಭುಜಕ್ಕೊಂದು ಪದರ, ಎದೆಗೊಂದು, ಹೊಟ್ಟೆಗೆ ಎರಡು. ಜೀವಮಾನವೆಲ್ಲ ದಪ್ಪಗಿದ್ದವರನ್ನು ತೆಳ್ಳಗೆ ತೋರಿಸಿದೆ. ಈಗ ತೆಳ್ಳಗಾದವರನ್ನು ದಪ್ಪ ತೋರಿಸುವ ಕೆಲಸ. ಹಾಸಿಗೆ ಹೊಲಿಯುವವರಿಗೂ ಇಷ್ಟು ಹತ್ತಿ ಬೇಕಾಗುವುದಿಲ್ಲ. ಅವರು ಅದನ್ನು ತೊಟ್ಟು, ಬಿಸಿಲಲ್ಲಿ ಬೆವರು ಸುರಿಸುತ್ತಾ, ನಮ್ಮ ಅಂಗಡಿಗೆ ಬಂದು ನಿಂತರು. ನಾನು ಬಾಗಿಲ ಹಿಂದಿನಿಂದ ಇಣುಕಿದೆ. ಮಾವ ಕನ್ನಡಕದ ಮೇಲಿಂದ ಮೇಲೆ ಕೆಳಗೆ ನೋಡಿದರು.

“ಸ್ವಲ್ಪ ದಪ್ಪ ಆಗಿದ್ದೀಯ ಕಣೋ. ಸಂಜೆ ನಡೀಬೇಕು ನೀನು.”

“ನಡೀತೀನಿ ನಡೀತೀನಿ,” ಅಂದರು ಸಲೂನ್ ಮಾವ, ಖುಷಿಯಿಂದ ಕಣ್ಣು ತುಂಬಿಕೊಂಡು.

ನನಗೆ ಮೈಯೆಲ್ಲ ಉರಿಯಿತು. ರಸ್ತೆಯಲ್ಲಿ ಹೋಗುವ ಯಾರದೋ ಭುಜ ತಗ್ಗಿದ್ದು ಕಾಣುವ ಕಣ್ಣಿಗೆ, ಎದುರು ನಿಂತ ಸ್ನೇಹಿತನ ಕೆನ್ನೆ ಒಳಗೆ ಹೋದದ್ದು ಕಾಣುವುದಿಲ್ಲವೇ? ಥೂ, ಇದೂ ಒಂದು ಕಣ್ಣಾ ಅಂದುಕೊಂಡೆ.

ಕ್ಷೌರ ಮಾತ್ರ ನಿಲ್ಲಲಿಲ್ಲ. ಸಲೂನ್ ಮಾವನ ಕೈ ನಡುಗತೊಡಗಿತ್ತು, ಆದರೂ ಸ್ನೇಹಿತನ ತಲೆಯನ್ನು ಮಗಳ ಕೈಗೆ ಬಿಡಲಿಲ್ಲ. ಒಂದು ದಿನ ಮಾವ ಕಿವಿಗೆ ಬಟ್ಟೆ ಒತ್ತಿಕೊಂಡು ಬಂದರು, ಕಾಲರಿನ ಮೇಲೆ ರಕ್ತ. ಏನಾಯಿತು ಎಂದು ನಾನು ಗಾಬರಿಯಾದರೆ, “ಸೊಳ್ಳೆ ಕಚ್ಚಿತ್ತಮ್ಮಾ, ಕೆರ್ಕೊಂಡೆ” ಎಂದು ಮಷೀನಿಗೆ ಕೂತರು. ಅಂಥ ಸೊಳ್ಳೆಯನ್ನು ನಾನು ನೋಡಿಲ್ಲ. ಸ್ನೇಹಿತನ ತಪ್ಪು ಮುಚ್ಚುವುದರಲ್ಲಿ ಗಂಡಸರು ಎಷ್ಟು ಚುರುಕು ಎಂದು ಗೊಣಗುತ್ತಾ ಕಾಲರು ತೊಳೆದೆ, ಅಷ್ಟೆ.

ಕೋಣೆ ಹಿಡಿದ ದಿನ ಹತ್ತಿರ ಬಂತು. ಅಷ್ಟರಲ್ಲಿ ಸಲೂನ್ ಮಾವ ಅಂಗಡಿಗೆ ಬರುವುದು ನಿಂತಿತ್ತು. ಅವರ ಮನೆ ಅಂಗಡಿಯ ಹಿಂದೆಯೇ. ಕಿಟಕಿಯ ಪಕ್ಕ ಹಾಸಿಗೆಯಲ್ಲಿ ಮಲಗಿದ್ದರು. ಮಾವನಿಗೆ ಹೇಳಿದ್ದು ಸೊಂಟ ಹಿಡಿದಿದೆ ಅಂತ. ಮಾವ “ಹೌದಾ, ಎಣ್ಣೆ ಹಚ್ಚಲಿ” ಎಂದರು. ನೋಡಲೂ ಹೋಗಲಿಲ್ಲ. ದಿನವಿಡೀ ಹಲಗೆಯ ಮೇಲಿನ ಸಂದಿಯ ಕಡೆ ಮುಖ ಮಾಡಿ ಒಬ್ಬರೇ ಮಾತಾಡುತ್ತಿದ್ದರು, ಆಚೆಯಿಂದ ಮಗಳು ‘ಹ್ಞೂಂ’ ಅನ್ನುತ್ತಿದ್ದಳು. ಇಂಥ ಕಲ್ಲು ಮನಸ್ಸಿನವರ ಸ್ನೇಹಕ್ಕಾಗಿ ನನ್ನ ಬೆರಳು ಸವೆಸಿದೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಅಂಗಿ ಮಾತ್ರ ಹೊಲಿದರು. ಈ ಸಲ ಕತ್ತರಿಸುವಾಗ ನನ್ನನ್ನೂ ಕೋಣೆಯಿಂದ ಆಚೆ ಕಳಿಸಿದರು. ಮಡಚಿ, ಇಸ್ತ್ರಿ ಹಾಕಿ, ಆಚೆ ಮನೆಗೆ ಕಳಿಸಿಕೊಟ್ಟರು. ಮೀಸೆ ಮೂಡುವ ಕಾಲದ ಅಳತೆಯೂ ಈಗ ಆ ಮೈಗೆ ದೊಡ್ಡದು, ಹ್ಯಾಂಗರಿಗೆ ತೂಗುಹಾಕಿದ ಹಾಗೆ ಜೋಲುತ್ತದೆ. ಅದನ್ನು ತೊಟ್ಟದ್ದನ್ನು ನೋಡಲು ಮಾವ ಸಂಜೆ ಬಂದೇ ಬರುತ್ತಾರೆ, ಪ್ರತಿ ವರ್ಷ ನೋಡಿದ್ದಾರೆ. ಆಗ ಹಳೆಯ ಹತ್ತಿಯ ಅಂಗಿಯೂ ನಮ್ಮನ್ನು ಉಳಿಸುವುದಿಲ್ಲ, ಸೊಂಟದ ನೆಪವೂ ಉಳಿಸುವುದಿಲ್ಲ. ಸಂಜೆಯೊಳಗೆ ಅದನ್ನು ಚಿಕ್ಕದು ಮಾಡಿ ಹತ್ತಿ ಕೂರಿಸಬೇಕೆಂದು ಸಲೂನಿನವಳು ಅಂಗಿಯನ್ನು ನನ್ನ ಹಿಂಬಾಗಿಲಿಗೆ ತಂದಳು. ನಾನು ಬ್ಲೇಡು ತೆಗೆದುಕೊಂಡು ಅಂಗಿಯನ್ನು ಒಳಹೊರಗು ಮಾಡಿದೆ.

ಒಳಗೆ ಬಟ್ಟೆ ಇರಲಿಲ್ಲ.

ಎರಡು ಬೆರಳು ಹೋಗಲಿ, ಉಗುರಿನಷ್ಟು ಮಾತ್ರ. ಅಂಗಿಯನ್ನು ಹಾಸಿ ನೋಡಿದೆ. ಇದು ಹಳೆಯ ಅಳತೆಯೇ ಅಲ್ಲ. ಎದೆ ಕಿರಿದು, ಭುಜ ಇಳಿಜಾರು, ಬಲಗಡೆಯದು ಎಡಕ್ಕಿಂತ ಸ್ವಲ್ಪ ತಗ್ಗು. ಸಲೂನ್ ಮಾವ ನೋವಿಗೆ ಆ ಕಡೆಗೆ ಬಾಗುತ್ತಿದ್ದರು. ಕಾಲರಿನ ಒಳಗೆ, ಕತ್ತಿಗೆ ತಾಗುವಲ್ಲಿ, ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆ. ಗುಂಡಿಗಳು ಮೇಲೆ ನೋಟಕ್ಕೆ ಮಾತ್ರ. ಒಳಗೆ, ಕಾಣದ ಹಾಗೆ, ಮಕ್ಕಳ ಉಡುಪಿಗೆ ಹಾಕುವ ಟಿಚ್ ಬಟನ್. ನಡುಗುವ ಬೆರಳಿಗೆ ಗುಂಡಿ ಹಾಕುವುದು ಕಷ್ಟ, ಒತ್ತುವುದು ಸುಲಭ.

ಹತ್ತಿಯ ಅಷ್ಟು ಪದರಗಳ ಮೇಲಿಂದ ನೋಡಿ, ಟೇಪು ಮುಟ್ಟದೆ, ಆ ಮನುಷ್ಯ ಎಲುಬಿನ ಅಳತೆ ತೆಗೆದಿದ್ದರು. ಆಗ ನನಗೆ ಇನ್ನೊಂದೂ ಹೊಳೆಯಿತು. ಇಷ್ಟು ವರ್ಷ ಒಳಗೆ ಇರುತ್ತಿದ್ದ ಆ ಎರಡು ಬೆರಳು ಬಟ್ಟೆ. ಹರಟೆಯಂತೆ ಹರಟೆ!

ನಾನು ಅಂಗಿ ಎತ್ತಿಕೊಂಡು ನೇರ ಅಂಗಡಿಗೆ ನುಗ್ಗಿದೆ. ಮಾವ ಬಾಬಿನ್ನಿಗೆ ದಾರ ಸುತ್ತುತ್ತಿದ್ದರು.

“ಮಾವ, ಇದರೊಳಗೆ ಬಟ್ಟೆ ಬಿಟ್ಟಿಲ್ಲ ನೀವು.”

ತಲೆ ಎತ್ತಲಿಲ್ಲ. “ಈ ಸಲ ಬೇಕಾಗಲ್ಲ ಅನ್ನಿಸ್ತಮ್ಮಾ.”

“ಯಾವಾಗಿಂದ ಗೊತ್ತು ನಿಮಗೆ?”

“ಯಾವುದು? ಅವನು ದಪ್ಪ ಆಗಿದ್ದಾ, ಸಣ್ಣ ಆಗಿದ್ದಾ?”

“ಎರಡೂ!”

“ನಾನು ದರ್ಜಿ ಕಣಮ್ಮಾ. ಮೈ ನೋಡಿದ್ರೆ ಗೊತ್ತಾಗಲ್ವಾ?”

“ಹಾಗಾದ್ರೆ ಮೊದಲಿಂದ ಸರಿಯಾಗೇ ಕತ್ತರಿಸ್ಬಹುದಿತ್ತಲ್ಲ? ಅತ್ತೆ ಬೆರಳು ಹೋಯ್ತು, ನನ್ನ ಬೆರಳು ಹೋಯ್ತು!”

“ಸರಿಯಾಗಿ ಕತ್ತರಿಸಿದ್ರೆ ನಾನು ಸೋತ ಹಾಗಾಗ್ತಿರಲಿಲ್ವಾ?” ಎಂದರು ಮಾವ, ಅದು ಜಗತ್ತಿಗೇ ಗೊತ್ತಿರುವ ವಿಷಯ ಎಂಬಂತೆ. “ಅದಕ್ಕೇ ಒಳಗೆ ಬಟ್ಟೆ ಬಿಡ್ತಿದ್ದೆ. ಮೊದಲು ನಿಮ್ಮ ಅತ್ತೆಗೆ, ಆಮೇಲೆ ನಿನಗೆ.” ಬಾಬಿನ್ನು ತುಂಬಿತು, ಅವರು ನಿಲ್ಲಿಸಲಿಲ್ಲ; ದಾರ ಅಂಚು ಮೀರತೊಡಗಿತು. “ನೋಡಮ್ಮಾ, ನನಗೆ ಗೊತ್ತಿದೆ ಅಂತ ಅವನಿಗೆ ಹೇಳ್ಬೇಡ. ತಡ್ಕೊಳ್ಳಲ್ಲ ಅವನು.”

ಇಷ್ಟು ಕಾಲ ಕಟ್ಟಿಕೊಂಡಿದ್ದ ನನ್ನ ಬಾಯಿಯ ಬೀಗ ಅಲ್ಲಿಗೆ ಮುರಿಯಿತು. ಮಾವನ ಎದುರು ದನಿ ಎತ್ತಿದವಳಲ್ಲ ನಾನು, ಅವತ್ತು ಎತ್ತಿದೆ.

“ಸಾಕು ಮಾವ! ಅವರು ತಡ್ಕೊಳ್ಳಲ್ಲ ಅಂತ ನೀವು, ನೀವು ತಡ್ಕೊಳ್ಳಲ್ಲ ಅಂತ ಅವರು. ನಡುವೆ ತಡ್ಕೊಳ್ತಾ ಇರೋದು ನಾವಿಬ್ಬರು! ನನ್ನ ಹಿಂಬಾಗಿಲು ಇವತ್ತಿಗೆ ಮುಚ್ಚಿತು. ಈ ಅಂಗಿ ಮುಂಬಾಗಿಲಿಂದ ಹೋಗುತ್ತೆ, ನಿಮ್ಮ ಕೈಯಲ್ಲೇ ಹೋಗುತ್ತೆ. ಹೋಗಿ ತೊಡಿಸಿ ಅವರಿಗೆ. ನಾಳೆ ನಾಡಿದ್ದು ಅಂತ ಕೂತ್ರೆ ಯಾರಿಗೆ ತೊಡಿಸ್ತೀರಿ?”

ಮಾವ ನನ್ನನ್ನು ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಕೈ ಮುಂದೆ ಚಾಚಿ ಅಂಗಿ ಇಸಿದುಕೊಂಡರು. ಕೊರಳಲ್ಲಿದ್ದ ಟೇಪನ್ನು ತೆಗೆಯುವುದನ್ನೂ ಮರೆತು ಹೊರಟರು.

ನಾವಿಬ್ಬರೂ ಹಿಂದೆಯೇ ಹೋಗಿ ಆ ಮನೆಯ ಬಾಗಿಲ ಸಂದಿಯಲ್ಲಿ ನಿಂತೆವು. ಕದ್ದು ನೋಡುವುದರಲ್ಲಿ ನಮಗೆ ಒಳ್ಳೆಯ ಅಭ್ಯಾಸವಿದೆ. ಹೆಜ್ಜೆಯ ಸದ್ದು ಗುರುತು ಹಿಡಿದ ಸಲೂನ್ ಮಾವ ಹಾಸಿಗೆಯಲ್ಲಿ ಎದ್ದು ಕೂತು ಹತ್ತಿಯ ಅಂಗಿಗೆ ತೋಳು ತೂರಿಸಲು ಒದ್ದಾಡುತ್ತಿದ್ದರು. ಒಂದು ತೋಳು ಒಳಗೆ, ಇನ್ನೊಂದು ಸಿಗುತ್ತಿಲ್ಲ.

“ಬಿಡೋ ಅದನ್ನ,” ಅಂದರು ಮಾವ. “ದಿಂಬಿಗೆ ಕೈಕಾಲು ಬಂದ ಹಾಗೆ ಕಾಣ್ತೀಯ.”

ಸಲೂನ್ ಮಾವನ ಕೈ ನಿಂತಿತು. ಮಾವ ಹತ್ತಿರ ಹೋಗಿ ಆ ಹತ್ತಿಯ ಅಂಗಿಯನ್ನು ಬಿಡಿಸಿ ಮಂಚದ ಕೆಳಗೆ ಎಸೆದರು. ಎಲುಬು ಎಲುಬು ಕಾಣುವ ಮೈ. ನನ್ನ ಪಕ್ಕ ನಿಂತವಳು ನನ್ನ ತೋಳನ್ನು ಹಿಂಡಿದಳು. ಮಾವ ಹೊಸ ಅಂಗಿ ತೊಡಿಸಿದರು, ಮಗುವಿಗೆ ತೊಡಿಸುವ ಹಾಗೆ, ಒಂದೊಂದೇ ಕೈ ಎತ್ತಿಸಿ. ಟಿಚ್ ಬಟನ್ ಒತ್ತಿದರು. ಟಕ್, ಟಕ್, ಟಕ್. ಅಂಗಿ ಕೂತಿತು ನೋಡಿ, ಎಲ್ಲೂ ಒಂದು ನಿರಿಗೆಯಿಲ್ಲ. ಒಬ್ಬ ದರ್ಜಿ ಜೀವಮಾನದಲ್ಲಿ ಅಂಥ ಅಂಗಿ ಒಂದೋ ಎರಡೋ ಹೊಲಿಯಬಲ್ಲ.

ಸಲೂನ್ ಮಾವ ತಮ್ಮ ಎದೆಯನ್ನು, ತೋಳನ್ನು, ಆ ಗುಂಡಿಗಳನ್ನು ಸವರಿ ನೋಡಿದರು. ಎಲ್ಲ ಗೊತ್ತಾಗಿತ್ತು ಅವರಿಗೆ.

“ಬಿಗಿ ಆಗಿದೆ ಕಣೋ,” ಅಂದರು.

ಮಾವ ಅಂಗಿಯ ಅಂಚು ಎಳೆದು ನೇರ ಮಾಡಿದರು. “ಅಂಗಿ ಸರಿಯಾಗೇ ಇದೆ. ನೀನು ದಪ್ಪ ಆಗಿದ್ದೀಯ.”

“ನಿನ್ನ ಕತ್ತರಿ ಜಾರಿರ್ಬೇಕು.”

“ನಿನ್ನ ಕತ್ತರಿ ಜಾರಿದ್ದು ನನ್ನ ಕಿವಿಗೆ ಗೊತ್ತು, ಸುಮ್ನಿರೋ.”

ಇಬ್ಬರೂ ನಕ್ಕರು. ನಕ್ಕದ್ದು ಎಲ್ಲಿ ಮುಗಿಯಿತು, ಅತ್ತದ್ದು ಎಲ್ಲಿ ಶುರುವಾಯಿತು ಎಂದು ಬಾಗಿಲ ಹಿಂದೆ ಇದ್ದ ನಮಗೆ ತಿಳಿಯಲಿಲ್ಲ. ನಾವೂ ನಮ್ಮ ಕಣ್ಣು ಒರೆಸಿಕೊಳ್ಳುವುದರಲ್ಲಿ ಇದ್ದೆವು. ಮುದುಕರ ಮೇಲಿದ್ದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮತ್ತೆ ಇಣುಕಿದಾಗ ಮಾವ ಕೊರಳಿನ ಟೇಪು ತೆಗೆದು ಕೈಯಲ್ಲಿ ಹಿಡಿದಿದ್ದರು.

“ಕೈ ಎತ್ತು,” ಅಂದರು.

“ನನಗೂ ಟೇಪು ಹಿಡೀತೀಯೇನೋ?”

“ಅಂಗಿ ಬಿಗಿ ಅಂದ್ಯಲ್ಲ, ಮುಂದಿನ ವರ್ಷಕ್ಕೆ ಮತ್ತೆ ಅದೇ ರಗಳೆ ಬೇಡ. ಕೈ ಎತ್ತು.”

ಸಲೂನ್ ಮಾವ ಕಷ್ಟಪಟ್ಟು ಕೈ ಎತ್ತಿದರು. ಮಾವ ಎದೆ ಅಳೆದರು. ಒಂದಲ್ಲ ಎರಡಲ್ಲ, ಮೂರು ಸಲ ಅಳೆದರು.

“ಮುಂದಿನ ವರ್ಷದ್ದಕ್ಕೆ ಒಳಗೆ ಸ್ವಲ್ಪ ಬಟ್ಟೆ ಬಿಡು,” ಅಂದರು ಸಲೂನ್ ಮಾವ.

“ಎರಡು ಬೆರಳು ಬಿಡ್ತೀನಿ,” ಅಂದರು ಮಾವ.